ಕೂಮನ ರಿಸೀವರ್‌ಗೆ ಬಂದ ಜ್ವರ

ನನ್ನ ಗಂಡ ತಿಹೊಮಿರ್ ನಲವತ್ತೊಂದು ವರ್ಷದಿಂದ ರೇಡಿಯೋ, ಟಿವಿ, ರಿಸೀವರ್ ರಿಪೇರಿ ಮಾಡುತ್ತಿದ್ದಾನೆ. ಅಷ್ಟು ವರ್ಷಗಳಲ್ಲಿ ‘ತಪ್ಪು ನನ್ನದು’ ಎಂಬ ಮಾತು ಅವನ ಬಾಯಿಂದ ಬಂದದ್ದು ಒಂದೇ ಸಲ. ಆ ಸಲ ತಪ್ಪು ಅವನದಾಗಿರಲಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಅವನ ಅಂಗಡಿ ಇರುವುದು ಜಾಯೆಚಾರ್ ಊರಿನಲ್ಲಿ, ನಾವಿರುವ ಕಟ್ಟಡದ ಮೆಟ್ಟಿಲ ಕೆಳಗೆ. ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಮೊದಲು ಅವನು ನಿಶ್ ಊರಿನ ರೇಡಿಯೋ ಕಾರ್ಖಾನೆಯಲ್ಲಿದ್ದ, ತಯಾರಾದ ರೇಡಿಯೋಗಳನ್ನು ಪರೀಕ್ಷೆ ಮಾಡಿ, ಕೆಟ್ಟದ್ದನ್ನು ರಿಪೇರಿ ಮಾಡುವ ಕೆಲಸ. ಕಾರ್ಖಾನೆ ಮುಚ್ಚಿದಾಗ ಬಾಕಿ ಸಂಬಳದ ಬದಲು ಹನ್ನೆರಡು ರೇಡಿಯೋ ಕೊಟ್ಟು ಕಳಿಸಿದರು. ಅವನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದ ದಿನ ನಾನು ಅಳಲೋ ನಗಲೋ ತಿಳಿಯದೆ ಬಾಗಿಲಲ್ಲಿ ನಿಂತಿದ್ದೆ. ‘ವಿದೊಸಾವ, ಇವು ಕೆಡೋದಿಲ್ಲ, ನಾನೇ ನೋಡಿ ಪಾಸ್ ಮಾಡಿದ್ದು’ ಎಂದ. ಕೆಡಲಿಲ್ಲ, ಅದು ನಿಜ. ಆದರೆ ಕೊಳ್ಳುವವರೂ ಸಿಗಲಿಲ್ಲ.

ಅವನ ಕೈಗುಣ ದೊಡ್ಡದು. ಕೆಟ್ಟ ಪೆಟ್ಟಿಗೆ ಬಂದರೆ ಮೊದಲು ಸ್ಕ್ರೂ ಬಿಚ್ಚುವುದಿಲ್ಲ. ಅದನ್ನು ಓಡಿಸಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾನೆ. ಆಮೇಲೆ ಮಾಲೀಕನಿಗೆ ಬೈಗುಳದ ಅಭಿಷೇಕ. ‘ಇದರ ಮೇಲೆ ಏನಿಟ್ಟಿದ್ದೆ? ಹೂದಾನಿನಾ? ಬಿಸಿ ಮೇಲಕ್ಕೆ ಹೋಗುತ್ತೆ ಅಂತ ನಿಂಗೆ ಯಾರೂ ಹೇಳಿಕೊಟ್ಟಿಲ್ವಾ? ನಿನ್ನ ಮುಖದ ಮೇಲೆ ದಿಂಬು ಇಟ್ಟು, ಈಗ ಗಟ್ಟಿಯಾಗಿ ಹಾಡು ಅಂದ್ರೆ ಹಾಡ್ತೀಯಾ?’ ಜನ ತಲೆ ಬಗ್ಗಿಸಿ ಕೇಳಿಸಿಕೊಂಡು, ದುಡ್ಡು ಕೊಟ್ಟು, ನಗುತ್ತ ಹೋಗುತ್ತಾರೆ. ಯಾಕೆಂದರೆ ಅವನು ಮಾಡಿಕೊಟ್ಟ ಪೆಟ್ಟಿಗೆ ಅದೇ ರೋಗಕ್ಕೆ ಮತ್ತೆ ವಾಪಸ್ ಬಂದದ್ದಿಲ್ಲ. ಬಂದದ್ದು ಒಂದೇ ಒಂದು, ಸ್ಪಾಸೊಯೆಯದು.

ಸ್ಪಾಸೊಯೆ ನಮ್ಮ ಕೂಮ. ನಮ್ಮ ಮದುವೆಯಲ್ಲಿ ತಿಹೊಮಿರ್‌ನ ಪಕ್ಕದಲ್ಲಿ ಸಾಕ್ಷಿ ನಿಂತವನು, ನಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ದೀಕ್ಷಾಸ್ನಾನದ ಹೊತ್ತಿಗೆ ಎತ್ತಿಕೊಂಡು ಹೆಸರಿಟ್ಟವನು. ಒಡಹುಟ್ಟಿದವನ ಜೊತೆ ಜಗಳವಾಡಬಹುದು, ಕೋರ್ಟಿಗೂ ಹೋಗಬಹುದು. ಕೂಮನ ಜೊತೆ ಮುನಿದರೆ ದೇವರೂ ಮುಖ ತಿರುಗಿಸುತ್ತಾನೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಸ್ಪಾಸೊಯೆ ಮೂವತ್ತು ವರ್ಷ ಬೋರ್ ಊರಿನ ತಾಮ್ರದ ಗಣಿಯಲ್ಲಿ ಕಲ್ಲು ಕೊರೆಯುವ ಯಂತ್ರ ಹಿಡಿದಿದ್ದ. ಗಣಿ ಅವನ ಎರಡೂ ಕಿವಿ ತಿಂದು ಪಿಂಚಣಿ ಕೊಟ್ಟಿತು. ಮೆಲ್ಲಗೆ ಮಾತಾಡುವುದು ಅವನಿಗೆ ಮರೆತೇಹೋಗಿದೆ. ‘ಉಪ್ಪು ಕೊಡು’ ಎಂದರೂ ಎದುರಿನ ಕಟ್ಟಡದವರು ಉಪ್ಪಿನ ಡಬ್ಬಿ ಹುಡುಕಬೇಕು, ಹಾಗೆ.

ಹೆಂಡತಿ ತೀರಿಕೊಂಡ ಮೇಲೆ ಅವನ ತಾಯಿ ಸ್ಟೊಯ್ನಾ ಬಂದು ಮನೆ ನೋಡಿಕೊಳ್ಳತೊಡಗಿದಳು. ಎಂಬತ್ತೇಳು ವರ್ಷದ ಮುದುಕಿ, ಕಣ್ಣು ಮಂಜು, ಕಿವಿ ಮಾತ್ರ ಬೆಕ್ಕಿನದು. ಸ್ಪಾಸೊಯೆಗೆ ಉಳಿದ ಸುಖ ಒಂದೇ, ತುತ್ತೂರಿ ಮೇಳದ ಹಾಡು ಕೇಳುವುದು. ಹೋದ ವರ್ಷ ಆಸ್ಟ್ರಿಯಾದಿಂದ ಊರಿಗೆ ಮರಳಿದ ಯಾರೋ ಒಬ್ಬರ ಹತ್ತಿರ ಹಳೆಯ ಹೋಂ ಥಿಯೇಟರ್ ಕೊಂಡ, ಐದು ಸ್ಪೀಕರ್, ಅವಕ್ಕೆ ಧ್ವನಿ ಕೊಡುವ ಒಂದು ರಿಸೀವರ್ ಪೆಟ್ಟಿಗೆ. ರಿಸೀವರ್ ಸತ್ತಿತ್ತು. ತಿಹೊಮಿರ್ ಹತ್ತು ದಿನ ಕೂತು ಅದಕ್ಕೆ ಜೀವ ಕೊಟ್ಟ. ಮೊದಲ ಸಲ ಧ್ವನಿ ತುದಿಮುಟ್ಟ ಏರಿಸಿ ತುತ್ತೂರಿ ಕೇಳಿದಾಗ ಸ್ಪಾಸೊಯೆ ಎದೆಯ ಮೇಲೆ ಕೈಯಿಟ್ಟುಕೊಂಡು, ‘ಇಲ್ಲಿ ಕೇಳಿಸ್ತಿದೆ ಕೂಮ! ಇಲ್ಲಿ!’ ಎಂದು ಕೂಗಿದನಂತೆ. ತಿಹೊಮಿರ್ ಮನೆಗೆ ಬಂದು ನನಗೆ ಹೇಳುವಾಗ ಕಣ್ಣು ಒರೆಸಿಕೊಂಡ.

ನಾಲ್ಕೇ ದಿನ. ಐದನೆಯ ದಿನ ಸ್ಪಾಸೊಯೆಯ ಫೋನು, ‘ಹಾಡಿನ ಮಧ್ಯದಲ್ಲೇ ಸತ್ತುಹೋಯ್ತು, ಕೆಂಪು ದೀಪ ಮಿಟುಕ್ತಿದೆ.’ ಬಿಸಿ ಹೆಚ್ಚಾಗಿ ತನ್ನನ್ನು ತಾನೇ ಉಳಿಸಿಕೊಳ್ಳಲು ಆರಿಹೋಗಿದೆ ಎಂದು ತಿಹೊಮಿರ್‌ಗೆ ಕೂತಲ್ಲೇ ಗೊತ್ತಾಯಿತು. ಹೋಗಿ ನೋಡಿದರೆ ಗೋಡೆಯುದ್ದದ ಕಪಾಟಿನೊಳಗೆ, ಗಾಜಿನ ಬಾಗಿಲ ಹಿಂದೆ ಇಟ್ಟಿದ್ದಾರೆ. ಬೈದ, ಬಾಗಿಲು ಕಳಚಿದ, ಬ್ರಷ್ಷಿನಿಂದ ಧೂಳು ತೆಗೆದ, ಎರಡು ಗಂಟೆ ಧ್ವನಿ ಏರಿಸಿಯೇ ಓಡಿಸಿದ. ಮೇಲಿನ ಮನೆಯವರು ನೀರಿನ ಕೊಳವೆಗೆ ಸೌಟಿನಿಂದ ಬಡಿದರು, ರಿಸೀವರ್ ಮಾತ್ರ ಆರಲಿಲ್ಲ. ಅವನು ಮನೆಗೆ ಮರಳಿದ ಮೂರನೆಯ ದಿನ ಮತ್ತೆ ಆರಿತು.

ಎರಡನೆಯ ಸಲ ಹೋದಾಗ ಸ್ಪಾಸೊಯೆ ಬಾಲ್ಕನಿಗೂ ಇರಲಿ ಎಂದು ಇನ್ನೆರಡು ಸ್ಪೀಕರ್ ಸಿಕ್ಕಿಸಿದ್ದ. ‘ಒಂದೇ ಎತ್ತಿಗೆ ಎರಡು ಗಾಡಿ ಕಟ್ತೀಯೇನೋ, ಕರುಣೆ ಇಲ್ವಾ?’ ಎಂದು ತಿಹೊಮಿರ್ ಅವನ್ನು ಕಿತ್ತ. ಸ್ಪೀಕರ್ ತಂತಿಗಳ ತುದಿಯನ್ನು ಒಂದಕ್ಕೊಂದು ತಾಗದಂತೆ ಹೊಸೆದು ಕಟ್ಟಿದ. ಮತ್ತೆ ಎರಡು ಗಂಟೆ ಓಡಿಸಿದ, ಚೆನ್ನಾಗಿಯೇ ಓಡಿತು. ಮತ್ತೆ ವಾರದೊಳಗೆ ಆರಿತು. ಮೂರನೆಯ ಸಲ ರಿಸೀವರ್‌ನ ಹಿಂದೆ ಒಂದು ಸಣ್ಣ ಫ್ಯಾನು ಕೂಡಿಸಿ ಬಂದ. ಅದೂ ಅಷ್ಟೇ, ಅವನಿದ್ದಾಗ ಬಂಗಾರ, ಅವನು ಮೆಟ್ಟಿಲಿಳಿದರೆ ಕಬ್ಬಿಣ.

ಆ ದಿನಗಳಲ್ಲಿ ಅವನು ಊಟದ ತಟ್ಟೆ ನೋಡುತ್ತ ಕೂತುಬಿಡುತ್ತಿದ್ದ. ‘ನಾನು ಇದ್ದಾಗ ಯಾಕೆ ಬಿಸಿ ಆಗಲ್ಲ ವಿದಾ? ನನ್ನ ಕಂಡ್ರೆ ಹೆದ್ರುತ್ತಾ ಅದು?’

‘ನಿನ್ನ ಕಂಡರೆ ಹೆದರದವರು ಯಾರಿದ್ದಾರೆ? ಸಾರು ಆರಿಹೋಗ್ತಿದೆ, ಮೊದಲು ಅದನ್ನ ಕುಡಿ’ ಎಂದೆ.

ಹೋದ ವರ್ಷ ನವೆಂಬರ್ ಎಂಟು, ಸಂತ ಡಿಮಿಟ್ರಿಯ ದಿನ, ಸ್ಪಾಸೊಯೆಯ ಮನೆತನದ ಸ್ಲಾವಾ. ಮನೆತನ ಕಾಯುವ ಸಂತನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಬೇಕಾದವರು ತಾವಾಗಿ ಬರುತ್ತಾರೆ. ಮನೆಯ ಯಜಮಾನ ದಿನವಿಡೀ ಕೂರದೆ ನಿಂತೇ ಬಡಿಸುತ್ತಾನೆ. ಎರಡು ಕೋಣೆಯ ಆ ಮನೆಯಲ್ಲಿ ಇಪ್ಪತ್ತೈದು ಜನ. ನಮ್ಮನ್ನು ಒಳಗಿನ ಕೋಣೆಯ ಮೂಲೆಗೆ ಕೂಡಿಸಿದ್ದರು. ತುತ್ತೂರಿ ಭೋರ್ಗರೆಯುತ್ತಿತ್ತು, ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸಾರ್ಮಾ ತಟ್ಟೆಗೆ ಬರುತ್ತಿತ್ತು. ಇದ್ದಕ್ಕಿದ್ದಂತೆ ಮೌನ.

‘ಮೇಸ್ತ್ರಿ ಬರಲಿ, ದಾರಿ ಬಿಡಿ, ಮೇಸ್ತ್ರಿಗೆ ದಾರಿ ಬಿಡಿ’ ಎಂದು ಸ್ಟೊಯ್ನಾ ಆಚೆ ಕೋಣೆಯಲ್ಲಿ ಸಡಗರ ಮಾಡುವುದು ಕೇಳಿಸಿತು. ತಿಹೊಮಿರ್ ಜನರ ಮೊಣಕಾಲು ದಾಟಿ ದಾಟಿ ಅಲ್ಲಿಗೆ ತಲುಪುವ ಹೊತ್ತಿಗೆ ರಿಸೀವರ್ ಬರಿಮೈಯಲ್ಲಿ ಕೂತಿತ್ತು. ಅಂಗೈ ಇಟ್ಟ, ಸುಟ್ಟಂತಾಗಿ ಹಿಂದಕ್ಕೆಳೆದ.  ಆಗ ಸ್ಪಾಸೊಯೆ, ಕೈಯಲ್ಲಿ ರಾಕಿಯಾ ಸಾರಾಯಿಯ ಸೀಸೆ ಹಿಡಿದೇ, ಇಡೀ ಕಟ್ಟಡಕ್ಕೆ ಕೇಳುವಂತೆ ಅಂದುಬಿಟ್ಟ, ‘ನಾಲ್ಕು ಸಲ ರಿಪೇರಿ ಮಾಡ್ದೆ ಕೂಮ! ಕೆಲಸ ಬರದಿದ್ರೆ ಬರಲ್ಲ ಅಂತ ಹೇಳ್ಬೇಕಿತ್ತು, ಬೇರೆಯವರ ಹತ್ರ ತಗೊಂಡು ಹೋಗ್ತಿದ್ದೆ!’

ಯಾರೋ ಕಿಸಕ್ಕನೆ ನಕ್ಕರು. ತಿಹೊಮಿರ್ ಕೋಟು ಹಾಕಿಕೊಂಡ. ನಾನು ಅವನ ಹಿಂದೆ ಓಡಿದೆ. ಅವನ ಲೋಟದ ರಾಕಿಯಾ ಮೇಜಿನ ಮೇಲೆ ಹಾಗೇ ಉಳಿಯಿತು.

ಅಲ್ಲಿಗೆ ಮಾತು ನಿಂತಿತು. ಭಾನುವಾರದ ಊಟಕ್ಕೆ ತಪ್ಪದೆ ಬರುತ್ತಿದ್ದ ಸ್ಪಾಸೊಯೆ ಬರಲಿಲ್ಲ. ಕ್ರಿಸ್ಮಸ್ ಬಂತು, ಈಸ್ಟರ್ ಬಂತು, ಬಣ್ಣದ ಮೊಟ್ಟೆ ಕೊಡಲೂ ಯಾರೂ ಯಾರ ಮನೆಗೂ ಹೋಗಲಿಲ್ಲ. ನಾನು ಮೂರು ಜನಕ್ಕಾಗುವಷ್ಟು ಕೋಳಿ ಬೇಯಿಸಿ ಬೇಯಿಸಿ ಬೆಕ್ಕಿಗೆ ಹಾಕಿದೆ. ತಿಹೊಮಿರ್ ಅವನ ಹೆಸರೆತ್ತಲಿಲ್ಲ. ಆದರೆ ಭಾನುವಾರ ಒಂದು ಗಂಟೆಗೆ ಕಿಟಕಿಯ ಹತ್ತಿರ ಹೋಗಿ ಗಿಡಕ್ಕೆ ನೀರು ಹಾಕುವನು. ನಮ್ಮ ಮನೆಯಲ್ಲಿ ಒಂದು ಗಿಡ ಕೊಳೆತುಹೋದದ್ದು ಹಾಗೆ.

ಈ ವರ್ಷ ನವೆಂಬರ್ ಏಳಕ್ಕೆ ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ. ‘ನಾಳೆ ಹೋಗ್ತೀವಿ.’

‘ಕರೆದಿಲ್ಲ.’

‘ಸ್ಲಾವಾಗೆ ಯಾರು ಯಾವತ್ತು ಕರೆದಿದ್ದಾರೆ? ಈ ವರ್ಷ ಹೋಗದೆ ಇದ್ದರೆ ಮುಗೀತು, ಆಮೇಲೆ ಅವನು ಸತ್ತಾಗ ಹೋಗಬೇಕು. ಇಲ್ಲ, ನೀನು ಸತ್ತಾಗ ಅವನು ಬರಬೇಕು. ನಲವತ್ತೈದು ವರ್ಷದ ಕೂಮ ಬೇಕೋ, ನಿನ್ನ ಜಂಬ ಬೇಕೋ, ಈಗಲೇ ಹೇಳು.’

 ರಾತ್ರಿ ಅವನು ಬೂಟಿಗೆ ಪಾಲಿಶ್ ಹಾಕಿಟ್ಟಿದ್ದ.

ಬೇಗನೇ ಹೋದೆವು, ಹನ್ನೊಂದಕ್ಕೆ. ಜನ ಇನ್ನೂ ಬಂದಿರಲಿಲ್ಲ. ಸ್ಪಾಸೊಯೆ ಬಾಗಿಲು ತೆಗೆದ, ನಮ್ಮನ್ನು ಕಂಡು ಮುಖ ಕೆಂಪಗೆ ಮಾಡಿಕೊಂಡ. ‘ಬನ್ನಿ’ ಎಂದಷ್ಟೇ ಕೂಗಿ ರೊಟ್ಟಿ ತರಲು ಬೇಕರಿಗೆ ಇಳಿದುಹೋದ. ಸ್ಟೊಯ್ನಾ ಪದ್ಧತಿಯಂತೆ ಬೇಯಿಸಿದ ಗೋಧಿ ತಂದಳು. ನಾವು ಶಿಲುಬೆ ಗುರುತು ಮಾಡಿಕೊಂಡು ಒಂದೊಂದು ಚಮಚ ತಿಂದೆವು. ಆಮೇಲೆ ತಿಹೊಮಿರ್ ಕಪಾಟಿನ ಕಡೆ ತಿರುಗಿದ, ಅಲ್ಲೇ ನಿಂತುಬಿಟ್ಟ.

ಈ ಸಲ ಅವನು ಮೇಸ್ತ್ರಿಯಾಗಿ ಬಂದಿರಲಿಲ್ಲವಲ್ಲ, ಅತಿಥಿಯಾಗಿ ಬಂದಿದ್ದ. ರಿಸೀವರ್‌ನ ಮೇಲೆ ಕ್ರೋಶಾದಲ್ಲಿ ಹೆಣೆದ ದಪ್ಪನೆಯ ಬಿಳಿ ಹೊದಿಕೆ, ಗಂಜಿ ಹಾಕಿ ಹಲಗೆಯಂತೆ ಸೆಟೆದದ್ದು. ನಾಲ್ಕೂ ಕಡೆ ಒಂದೊಂದು ಗೇಣು ಇಳಿಬಿಟ್ಟಿದೆ. ಉಸಿರಾಡುವ ಒಂದು ಸೀಳೂ ಹೊರಗೆ ಕಾಣುತ್ತಿಲ್ಲ. ಅದರ ಮೇಲೆ ಹಬ್ಬಕ್ಕೆಂದು ವಾಲ್‌ನಟ್ ಕೇಕಿನ ತಟ್ಟೆ ಬೇರೆ! ಅವನು ಬೆರಳಿನಿಂದ ಅಂಚು ಎತ್ತಿ ನೋಡಿದ. ಹಿಂದೆ ಫ್ಯಾನಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.

ನಮ್ಮ ಹೆಂಗಸರು ಟಿವಿ, ಫ್ರಿಜ್ಜು, ಫೋನು, ಎಲ್ಲಕ್ಕೂ ಇಂಥದೊಂದು ಹೊದಿಸದೆ ಬಿಡುವವರಲ್ಲ. ನನ್ನ ಮನೆಯಲ್ಲೂ ಇದ್ದವು, ತಿಹೊಮಿರ್ ಬೈದು ಬೈದು ತೆಗೆಸಿದ. ಆದರೂ ಇದು ನನಗೆ ಹೊಳೆಯಲೇ ಇಲ್ಲ ನೋಡಿ.

‘ಚೆನ್ನಾಗಿದೆಯಾ ಮಗಾ?’ ಸ್ಟೊಯ್ನಾ ಬಂದು ಹೊದಿಕೆಯನ್ನು ಬೆರಳಿನಿಂದ ಸವರಿದಳು. ‘ಮೂರು ಚಳಿಗಾಲ ಹಾಕಿದ್ದು. ಕೊನೇ ಸುತ್ತಿಗೆ ಕಣ್ಣು ಹೋಯ್ತು, ಬೆರಳಲ್ಲೇ ಎಣಿಸಿ ಮುಗಿಸಿದೆ. ಇನ್ನು ಒಂದು ಹಾಕಕ್ಕಾಗಲ್ಲ. ಸ್ಪಾಸೊಯೆಗೆ ಈ ಪೆಟ್ಟಿಗೆ ಅಂದ್ರೆ ಜೀವ ಅಲ್ವಾ, ಅದಕ್ಕೇ ಇರೋದ್ರಲ್ಲಿ ಒಳ್ಳೇದನ್ನ ಇದಕ್ಕೇ ಹೊದಿಸಿದೀನಿ.’

‘ಅಮ್ಮ, ಹೋದ ಸಲ ನಾನು ಬಂದಾಗ ಇದು ಇರಲಿಲ್ಲ’ ಎಂದ ತಿಹೊಮಿರ್.

‘ಇರುತ್ತಾ? ಮೇಸ್ತ್ರಿ ಬರ್ತಾನೆ ಅಂದ್ರೆ ಮೊದಲು ಇದನ್ನ ತೆಗೆದು ನೆನೆಹಾಕ್ತೀನಿ. ನಿನ್ನ ಕೈ ಎಣ್ಣೆ ಕೈ. ನೀನು ಆ ಕಡೆ ಹೋದ್ಮೇಲೆ ಒಣಗಿಸಿ ಹಾಕ್ತೀನಿ.’

‘ಮತ್ತೆ ಫ್ಯಾನು?’

‘ಅದನ್ನ ನಾನೇ ಕಿತ್ತೆ. ಕಿಟಕಿಯಿಂದ ಬಾಗಿಲಿಗೆ ಗಾಳಿ ಹಾಯೋ ಜಾಗದಲ್ಲಿ ಅದು ಬೇರೆ ಅವನ ಬೆನ್ನಿಗೆ ಬೀಸೋದು. ಕಿಡ್ನಿ ಹೋದ್ರೆ ಯಾವ ಅಂಗಡೀಲಿ ಸಿಗುತ್ತೆ ಮಗಾ?’

ಹಾಯುವ ಗಾಳಿ ಬೆನ್ನಿಗೆ ತಾಗಿದರೆ ಕಿಡ್ನಿ ಕೆಡುತ್ತದೆ ಎಂಬುದು ನಮ್ಮಲ್ಲಿ ಎಲ್ಲರ ನಂಬಿಕೆ, ಆ ವಿಷಯದಲ್ಲಿ ನಾನೂ ಮುದುಕಿಯ ಕಡೆಯೇ, ನಗಬೇಡಿ. ಆದರೆ ಆಗ ನನಗೆ ರಕ್ತ ನೆತ್ತಿಗೇರಿತು. ಒಂದು ವರ್ಷ! ಒಂದು ತುಂಡು ನೂಲಿಗಾಗಿ ನನ್ನ ಗಂಡ ಒಂದು ವರ್ಷ ತಲೆ ತಗ್ಗಿಸಿ ಓಡಾಡಿದನಲ್ಲ! ಬಾಯಿ ತೆರೆದೆ. ತಿಹೊಮಿರ್ ನನ್ನ ಕಾಲನ್ನು ತುಳಿದ. ಪಾಲಿಶ್ ಹಾಕಿದ ಬೂಟು, ಹಿಮ್ಮಡಿ ಸಮೇತ.

‘ತುಂಬ ಚೆನ್ನಾಗಿದೆ ಅಮ್ಮ’ ಎಂದ. ಅಷ್ಟೇ.

ಎರಡು ಗಂಟೆಗೆ ಮನೆ ತುಂಬಿತು. ಹೋದ ವರ್ಷ ನಕ್ಕವರೂ ಬಂದಿದ್ದರು. ಸ್ಪಾಸೊಯೆ ನಿಂತು ಬಡಿಸುತ್ತಿದ್ದ. ತುತ್ತೂರಿ ಹಾಕಿರಲಿಲ್ಲ, ಯಾರೂ ಕೇಳಲೂ ಇಲ್ಲ. ಅವನು ನಮ್ಮ ಲೋಟಕ್ಕೆ ರಾಕಿಯಾ ಸುರಿಯಲು ಬಂದಾಗ ತಿಹೊಮಿರ್ ಎದ್ದು ನಿಂತ. ಕೂಮನ ಕಿವಿಗೆ ಬೀಳಬೇಕಲ್ಲ, ಗಂಟಲೆತ್ತಿ ಹೇಳಿದ, ‘ಕೂಮ, ಹೋದ ವರ್ಷದ್ದು ತಪ್ಪು ನನ್ನದು. ಒಳಗೆ ಒಂದು ಭಾಗ ತಪ್ಪು ಹಾಕಿದ್ದೆ. ಈಗ ಗೊತ್ತಾಯ್ತು. ಬರೋ ವಾರ ಬಂದು ಸರಿ ಮಾಡ್ತೀನಿ. ನಿನ್ನ ಸ್ಲಾವಾ ಕೆಡಿಸಿದೆ, ಮನಸ್ಸಲ್ಲಿ ಇಟ್ಕೋಬೇಡ.’

 ಸ್ಪಾಸೊಯೆ ಸೀಸೆಯನ್ನು ಕೆಳಗಿಟ್ಟು ಅಡುಗೆಮನೆಗೆ ಹೋಗಿಬಿಟ್ಟ. ತುಂಬ ಹೊತ್ತು ಬರಲಿಲ್ಲ. ಎಂಥ ಸೊಕ್ಕು ಈ ಮನುಷ್ಯನಿಗೆ ಎಂದು ನಾನು ಸಾರ್ಮಾವನ್ನು ಫೋರ್ಕಿನಿಂದ ಚುಚ್ಚಿದೆ.

ಮನೆಗೆ ಬರುವ ದಾರಿಯಲ್ಲಿ ನನ್ನ ಬಾಯಿಗೆ ಬೀಗವಿರಲಿಲ್ಲ. ‘ನಾಳೆ ಊರೆಲ್ಲ ಆಡ್ಕೊಳುತ್ತೆ. ನಿನ್ನ ಅಂಗಡಿಗೆ ನೊಣ ಬರುತ್ತೆ, ಅಷ್ಟೇ. ಹೊದಿಕೆ ತೆಗೀರಿ ಅಂತ ಒಂದು ಮಾತು ಹೇಳಕ್ಕೆ ನಿಂಗೆ ಏನು ದಾಡಿ?’

‘ಇಪ್ಪತ್ತೈದು ಜನರ ಮುಂದೆ ಕುರುಡು ಮುದುಕಿಗೆ ಹೇಳ್ಲಾ? ನಿಮ್ಮಿಂದ ಮಗನಿಗೂ ನನಗೂ ಮಾತು ನಿಂತಿತ್ತು ಅಂತ? ಇನ್ನೊಂದು ಹಾಕಕ್ಕಾಗಲ್ಲ ಅಂದ್ಲಲ್ಲ, ಕೇಳಿಸ್ಕೊಂಡ್ಯಾ?’

‘ನಿನ್ನ ಹೆಸರು?’

‘ನನ್ನ ಹೆಸರಿಗೆ ಇನ್ನೂ ಕಣ್ಣು ಕಾಣುತ್ತೆ’ ಎಂದ, ಮುಂದೆ ನಡೆದ.

ನಾನು ಹೇಳಿದ್ದೇ ಆಯಿತು. ಆ ವಾರ ಇಬ್ಬರು ಬಂದು ಬಿಚ್ಚಿಟ್ಟಿದ್ದ ತಮ್ಮ ಪೆಟ್ಟಿಗೆಗಳನ್ನು ಹಾಗೇ ಕಟ್ಟಿಕೊಂಡು ಹೋದರು. ಒಬ್ಬ, ‘ಮೇಸ್ತ್ರಿ, ನಿಮಗೂ ವಯಸ್ಸಾಯ್ತು ಬಿಡಿ’ ಎಂದು ಸಮಾಧಾನ ಬೇರೆ ಹೇಳಿದ. ತಿಹೊಮಿರ್ ತಲೆಯಾಡಿಸಿ, ಮರ ಉಜ್ಜುವ ಕೆಲಸ ಮುಂದುವರಿಸಿದ. ಆಕ್ರೋಟು ಮರದಲ್ಲಿ ನಾಲ್ಕು ಕಾಲಿನ ಒಂದು ಮಣೆ ಮಾಡುತ್ತಿದ್ದ. ರಿಸೀವರ್‌ನ ಮೇಲೆ ನಿಂತರೆ ನಡುವೆ ಒಂದು ಗೇಣು ಖಾಲಿ ಉಳಿಯಬೇಕು. ಸುತ್ತ ಎತ್ತರಿಸಿದ ಅಂಚು, ಹೊದಿಕೆ ಅದರೊಳಗೇ ಕೂರಬೇಕು, ಕೆಳಗೆ ಇಳಿಬೀಳಬಾರದು. ಮೂರು ಸಲ ಅಳತೆ ತಪ್ಪಿತೆಂದು ಬಿಚ್ಚಿದ. ಅಷ್ಟು ಶ್ರದ್ಧೆ ನಮ್ಮ ಮಂಚಕ್ಕೂ ವಹಿಸಿರಲಿಲ್ಲ.

ಶನಿವಾರ ಅದನ್ನು ಹೊತ್ತು ಹೋದೆವು. ಮೇಸ್ತ್ರಿ ಬರುತ್ತಾನೆಂದು ಮುದುಕಿ ಹೊದಿಕೆ ತೆಗೆದಿದ್ದಳು. ತಿಹೊಮಿರ್ ಸ್ಕ್ರೂ ಬಿಚ್ಚಿ, ಒಳಗೆ ಏನೋ ಬದಲಾಯಿಸಿದಂತೆ ಮಾಡಿ, ಮತ್ತೆ ಮುಚ್ಚಿದ. ಅವನ ನಟನೆ ನೋಡಿ ನನಗೆ ನಗು ಬಂತು, ಅಷ್ಟು ಕೆಟ್ಟದಾಗಿತ್ತು. ಆಮೇಲೆ ಮಣೆ ಇಟ್ಟ.

‘ಅಮ್ಮ, ಇಷ್ಟು ಒಳ್ಳೇ ಕೈಕೆಲಸ ಪೆಟ್ಟಿಗೆ ಮೇಲೆ ಮಲಗಿದ್ರೆ ಯಾರಿಗೆ ಕಾಣುತ್ತೆ? ಇದರ ಮೇಲೆ ಹಾಸಿ. ಬಂದವರಿಗೆಲ್ಲ ಕಾಣುತ್ತೆ, ಅಂಚೂ ಮಾಸಲ್ಲ.’

ಮುದುಕಿ ಮರವನ್ನು ಸವರಿ ಸವರಿ ನೋಡಿದಳು. ‘ಆ ಬೀಸೋದು?’

‘ತಿರುಗಿಸಿ ಇಟ್ಟಿದೀನಿ. ಅದು ಇನ್ಮೇಲೆ ಬೀಸಲ್ಲ, ಎಳೆಯುತ್ತೆ. ಬಿಸಿ ಗಾಳಿನ ಗೋಡೆ ಕಡೆ ಹಾಕುತ್ತೆ. ಕೈ ಇಟ್ಟು ನೋಡಿ.’

ಅವಳು ಸ್ಪಾಸೊಯೆ ಕೂರುವ ಕುರ್ಚಿಯಲ್ಲಿ ಹೋಗಿ ಕೂತು, ಬೆನ್ನಿಗೆ ಗಾಳಿ ತಾಗುತ್ತದೆಯೇ ಎಂದು ಪೂರ್ತಿ ಹತ್ತು ನಿಮಿಷ ಪರೀಕ್ಷೆ ಮಾಡಿ, ‘ಇರಲಿ’ ಎಂದಳು. ಮೂರು ಗಂಟೆ ತುತ್ತೂರಿ ಮೊಳಗಿತು. ಮೇಲಿನವರು ಸೌಟು ತೆಗೆದುಕೊಂಡರು. ತಿಹೊಮಿರ್ ಅಂಗೈ ಇಟ್ಟು ನೋಡಿ, ‘ಮಗುವಿನ ಹಣೆ ಹಾಗಿದೆ’ ಎಂದ. ಸ್ಪಾಸೊಯೆ ಇಷ್ಟೂ ಹೊತ್ತು ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತಿದ್ದ. ಒಂದು ಥ್ಯಾಂಕ್ಸ್ ಕೂಡ ಇಲ್ಲ.

ಸೋಮವಾರ ಬೆಳಿಗ್ಗೆ ನಾನು ಅಂಗಡಿಗೆ ಕಾಫಿ ತೆಗೆದುಕೊಂಡು ಹೋಗಿದ್ದೆ. ಸ್ಪಾಸೊಯೆ ಒಳಗೆ ಬಂದ, ಬಾಗಿಲು ಮುಚ್ಚಿದ, ಟೋಪಿ ತೆಗೆದ. ಗುಟ್ಟು ಹೇಳುವವನ ಹಾಗೆ ಬಗ್ಗಿ, ತನಗೆ ತಿಳಿದ ಅತಿ ಮೆಲ್ಲನೆಯ ದನಿಯಲ್ಲಿ ಹೇಳಿದ. ಬೀದಿಯ ಆಚೆ ಪಾರಿವಾಳಗಳು ಎದ್ದವು.

‘ಕೂಮ! ನನಗೆ ಗೊತ್ತಿತ್ತು!’

ತಿಹೊಮಿರ್ ಕೈಯಲ್ಲಿದ್ದ ಬೆಸುಗೆ ಕಡ್ಡಿ ಕೆಳಗಿಟ್ಟ.

‘ಹೋದ ವರ್ಷದ ಸ್ಲಾವಾದಲ್ಲಿ ಗೊತ್ತಿರಲಿಲ್ಲ, ಆಣೆ! ಜನವರೀಲಿ ಒಂದಿನ ಆ ಬಟ್ಟೆ ಕೆಳಗೆ ಕೈ ಹಾಕಿದೆ, ಒಲೆ ಹಾಗಿತ್ತು. ಅವತ್ತೇ ನಿನ್ನ ಕಾಲು ಹಿಡೀಬೇಕಿತ್ತು. ಹೆಂಗೆ ಹಿಡೀಲಿ? ಹಿಡಿದ್ರೆ ಯಾಕೆ ಅಂತ ಹೇಳ್ಬೇಕು. ಅಮ್ಮನಿಗೆ ಹೇಳೋ ಧೈರ್ಯ ಇಲ್ಲ. ಒಂದ್ಸಲ ಸಾರಿಗೆ ಉಪ್ಪು ಜಾಸ್ತಿ ಅಂದಿದ್ದಕ್ಕೆ ಗಂಟು ಕಟ್ಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿದ್ಲು, ಮಂಜಲ್ಲಿ! ನಿಂಗೆ ಗುಟ್ಟಾಗಿ ಹೇಳೋಣ ಅಂದ್ರೆ ನನ್ನ ಗಂಟಲು ನೋಡು, ನಾನು ಫೋನಲ್ಲಿ ಉಸಿರು ಬಿಟ್ರೂ ಅವಳಿಗೆ ಕೇಳುತ್ತೆ! ಕೂಮ ಗಟ್ಟಿ ಮನುಷ್ಯ, ತಡ್ಕೋತಾನೆ ಅಂತ ಸುಮ್ಮನಿದ್ದೆ. ಎದುರಿನ ಬೇಕರಿ ತನಕ ಬರ್ತಿದ್ದೆ, ಪ್ರತಿ ಗುರುವಾರ. ನಿನ್ನ ಬಾಗಿಲು ನೋಡ್ತಿದ್ದೆ, ಬುರೆಕ್ ತಗೊಂಡು ವಾಪಸ್ ಹೋಗ್ತಿದ್ದೆ. ಈಗ ನೀನು ಎಲ್ಲರ ಮುಂದೆ ತಪ್ಪು ನಿಂದು ಅಂದ್ಬಿಟ್ಟೆ. ಬೈ ನನ್ನ!’

ನಾನು ಬೈಯಲು ಸಿದ್ಧಳಾಗಿಯೇ ನಿಂತಿದ್ದೆ, ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡೂ ಆಗಿತ್ತು. ಆದರೆ ತಿಹೊಮಿರ್‌ನ ಮುಖ ನೋಡಿ ಒಂದೂ ಬರಲಿಲ್ಲ. ಅವನಿಗೆ ಸಿಟ್ಟು ಬಂದಿರಲಿಲ್ಲ. ಬಾಣಲೆ ತೊಳೆದಿಟ್ಟ ಹಾಗೆ ಖಾಲಿಯಾಗಿತ್ತು ಮುಖ.

‘ಹೇಳಿದ್ರೆ ನಾನೇ ಬರ್ತಿದ್ದೆ’ ಎಂದ, ತನ್ನ ಬೆರಳು ನೋಡಿಕೊಳ್ಳುತ್ತ. ‘ನಿಮ್ಮಮ್ಮನ ಮುಂದೆ ವಾರವಾರ ಬಂದು ನಿನ್ನ ಕೈಲಿ ಬೈಸಿಕೊಂಡು ಹೋಗ್ತಿದ್ದೆ ಕಣೋ, ನನಗೇನು. ಒಂದು ವರ್ಷ ಕೂಮ. ಅರವತ್ತೆಂಟು ನನಗೆ. ಇನ್ನೆಷ್ಟು ವರ್ಷ ಇವೆ ಅಂತ ಒಂದನ್ನ ಹಿಂಗೆ ಬಿಸಾಕಿದೆ?’

ಸ್ಪಾಸೊಯೆ ಕಿವಿಯ ಹಿಂದೆ ಕೈಯಿಟ್ಟು ಮುಂದಕ್ಕೆ ಬಾಗಿದ. ‘ಏನಂದೆ? ಕೇಳಿಸ್ಲಿಲ್ಲ!’

ತಿಹೊಮಿರ್ ನನ್ನನ್ನು ನೋಡಿದ. ಅದನ್ನು ಇನ್ನೊಂದು ಸಲ, ಅದೂ ಕೂಗಿ, ಹೇಳಲು ಅವನಿಂದ ಆಗುತ್ತಿರಲಿಲ್ಲ. ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿದ.

‘ಕೂತ್ಕೋ ಅಂದೆ!’ ಎಂದು ಕೂಗಿದ.

ಸ್ಪಾಸೊಯೆ ಕೂತ. ನಾನು ಇನ್ನೊಂದು ಲೋಟ ತರಲು ಮೇಲೆ ಹೋದೆ.